ಪ್ರಾಸ್ಟೇಟ್ ಮಾತ್ರೆಗಿಂತ ಮೊದಲು ಟೈಲರ್ ಟೇಪು

ನಾನು ದಾವಣಗೆರೆಯಲ್ಲಿ ಯೂರಾಲಜಿ ನೋಡುವ ವೈದ್ಯ. ನನ್ನ ಮೇಜಿನ ಮೇಲೆ ಸ್ಟೆತಾಸ್ಕೋಪ್ ಪಕ್ಕದಲ್ಲೇ ಟೈಲರ್ ಟೇಪು ಇರುತ್ತದೆ. "ಒಂದಕ್ಕೆ ಹೋಗೋ ತೊಂದರೆ ಅಂತ ಬಂದ್ರೆ ಹೊಟ್ಟೆ ಅಳೀತೀರಲ್ಲ ಡಾಕ್ಟ್ರೇ" ಅಂತ ನಗುವವರೇ ಜಾಸ್ತಿ. ಪ್ಯಾಂಟಿನ ಸೈಜ್ ಕೇಳಿದರೆ 34 ಅನ್ನುತ್ತಾರೆ. ಆದರೆ ಆ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ! ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಹಿಡಿದರೆ ನಿಜವಾದ ಲೆಕ್ಕ ಸಿಗುತ್ತದೆ. ನಮ್ಮ ಗಂಡಸರಿಗೆ 90 ಸೆಂ.ಮೀ. ಗಡಿ. ದಾಟಿದ್ದರೆ ಬಿ.ಪಿ., ಶುಗರ್, ಕೊಬ್ಬು ಮೂರನ್ನೂ ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ರಾತ್ರಿ ಪದೇ ಪದೇ ಏಳುತ್ತೇನೆ ಅಂತ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಸ್ವಲ್ಪ ದಪ್ಪ ಅಂತ ಅದರಲ್ಲಿ ಬರೆದಿರುತ್ತದೆ. ಐವತ್ತು ದಾಟಿದವರಲ್ಲಿ ಅದು ತೀರಾ ಮಾಮೂಲಿ. ಅಷ್ಟಕ್ಕೇ ತಪ್ಪೆಲ್ಲ ಪ್ರಾಸ್ಟೇಟ್ ಮೇಲೆ ಹಾಕಬಾರದು. ನಾನು ಅವರಿಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್ ತಗೊಳ್ಳಿ ಅನ್ನುತ್ತೇನೆ. ಮೂರು ದಿನ, ಎಷ್ಟು ಗಂಟೆಗೆ ಎಷ್ಟು ಎಂ.ಎಲ್. ಹೋಯಿತು ಅಂತ ಡೈರಿ ಬರೆದಿಡಬೇಕು.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಇದನ್ನು ಬಹಳ ಚೆನ್ನಾಗಿ ಮಾಡಿಕೊಂಡು ಬಂದರು. ಗೆರೆ ಎಳೆದು, ಕಾಲಂ ಹಾಕಿ, ಕೆಳಗೆ ಟೋಟಲ್ ಕೂಡ ಹಾಕಿದ್ದರು. ರಾತ್ರಿ ಎದ್ದಾಗಲೆಲ್ಲ 350, 400, 380. ಇದು ದಾರಿ ಕಟ್ಟಿಕೊಂಡವರ ಲೆಕ್ಕ ಅಲ್ಲ. ಪ್ರಾಸ್ಟೇಟ್ ಅಡ್ಡ ಬಂದಿದ್ದರೆ ಸ್ವಲ್ಪ ಸ್ವಲ್ಪವೇ, ತಡೆದು ತಡೆದು ಬರುವುದು ಜಾಸ್ತಿ. ಇವರಲ್ಲಿ ಮೂತ್ರ ತಯಾರಾಗುವುದೇ ಹೆಚ್ಚು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ಅದನ್ನೆಲ್ಲ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಸಕ್ಕರೆ ಹೊರಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅವರಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಆ ಹಾಳೆಯಿಂದ. ಶುಗರ್ ಹತೋಟಿಗೆ ಬಂದ ಮೇಲೆ ನಿದ್ದೆ ತಾನಾಗಿ ಸರಿಹೋಯಿತು. ಪ್ರಾಸ್ಟೇಟ್ ಮಾತ್ರೆ ಬೇಕಾಗಲೇ ಇಲ್ಲ.

ಡೈರಿ ಹೀಗೆ ಬಂದು ಶುಗರ್ ಸರಿ ಇದ್ದರೆ ಗೊರಕೆ ಬಗ್ಗೆ ಕೇಳುತ್ತೇನೆ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿ ಮೂತ್ರ ಹೆಚ್ಚು ತಯಾರಾಗುತ್ತದೆ. ಗೊರಕೆಯ ವಿಷಯಕ್ಕೆ ಗಂಡನ ಉತ್ತರ ನಂಬುವಂತಿಲ್ಲ, ಹೆಂಡತಿಯನ್ನೇ ಕೇಳಬೇಕು.

ಇನ್ನೊಂದು ಥರದವರಿದ್ದಾರೆ. ಹದಿನೈದು ಇಪ್ಪತ್ತು ವರ್ಷದಿಂದ ಶುಗರ್ ಇರುವವರು. ಇವರಿಗೆ ಮೂತ್ರಕೋಶದ ನರ ಮಂದವಾಗಿ, ತುಂಬಿದ್ದೇ ಗೊತ್ತಾಗುವುದಿಲ್ಲ. ದಿನಕ್ಕೆ ಎರಡೋ ಮೂರೋ ಸಲ ಹೋಗುತ್ತೇನೆ, ಏನೂ ತೊಂದರೆ ಇಲ್ಲ ಅನ್ನುತ್ತಾರೆ. ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿದರೆ ಒಳಗೆ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಇಂಥವರಿಗೆ ಗಡಿಯಾರ ನೋಡಿಕೊಂಡು ಮೂರ್ನಾಲ್ಕು ಗಂಟೆಗೊಮ್ಮೆ ಹೋಗಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಅನ್ನುತ್ತೇನೆ. ಪ್ರಾಸ್ಟೇಟ್ ಆಪರೇಷನ್‌ಗೆ ಅವಸರ ಮಾಡುವುದಿಲ್ಲ. ತಳ್ಳುವ ಸ್ನಾಯುವೇ ಸೋತಿದ್ದರೆ ದಾರಿ ಅಗಲ ಮಾಡಿ ಏನು ಪ್ರಯೋಜನ?

ಮುಂದೊಗಲು ಬಿಗಿಯಾಗಿದೆ, ಸುನ್ನತಿ ಮಾಡಿ ಅಂತ ನಲವತ್ತರ ಆಸುಪಾಸಿನವರು ಬರುತ್ತಾರೆ. ತುದಿಯಲ್ಲಿ ಸಣ್ಣ ಸಣ್ಣ ಸೀಳು, ಒಳಗೆ ಬಿಳಿ ಪದರ. ನೋಡಿದ ತಕ್ಷಣ ಬೆರಳು ಚುಚ್ಚಿ ಶುಗರ್ ನೋಡುತ್ತೇನೆ. ಅದೇ ಮೊದಲ ಸುಳಿವು ಆಗಿರುವುದು ಅಪರೂಪವೇನಲ್ಲ. ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ತೋರಿಸಿ ಅನ್ನುತ್ತೇನೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸಿ, ಆ ಸಕ್ಕರೆಗೆ ಅಲ್ಲಿ ಫಂಗಸ್ ಬೆಳೆಯಬಹುದು. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆಗಳು. ಫಂಗಸ್ ಬಂತು ಅಂತ ನೀವೇ ನಿಲ್ಲಿಸಬೇಡಿ, ಬರೆದವರನ್ನು ಕೇಳಿ. ಪ್ರತಿ ಸಲ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಸೋಪು, ಡೆಟಾಲ್ ಬೇಡ.

'ಆ ವಿಷಯ'ವನ್ನು ಅವರಾಗಿ ಎತ್ತುವವರೆಗೆ ಕಾಯುವುದನ್ನು ನಾನು ಬಿಟ್ಟಿದ್ದೇನೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ನಾನೇ ಕೇಳುತ್ತೇನೆ: ಬೆಳಗ್ಗೆ ಏಳುವಾಗ ನಿಮಿರಿರುತ್ತಾ? ಹೌದು ಅಂದರೆ ನರ, ರಕ್ತನಾಳ ಬಹುಮಟ್ಟಿಗೆ ಸರಿ ಇವೆ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿದ್ದರೆ ಯೋಚನೆ ಮಾಡಬೇಕು. ಶಿಶ್ನದ ರಕ್ತನಾಳ 1-2 ಮಿ.ಮೀ., ಹೃದಯದ್ದು 3-4 ಮಿ.ಮೀ. ಕೊಬ್ಬು ಕಟ್ಟಿದರೆ ತೊಂದರೆ ಮೊದಲು ತೋರುವುದು ಸಣ್ಣದರಲ್ಲೇ. ಎದೆನೋವು ಬರುವ ಎಷ್ಟೋ ಮುಂಚೆ ಸಿಗುವ ಎಚ್ಚರಿಕೆ ಇದು. ಇಸಿಜಿ, ಕೊಲೆಸ್ಟರಾಲ್ ಮಾಡಿಸುತ್ತೇನೆ, ಬೇಕಿದ್ದರೆ ಹೃದಯದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಸಿಲ್ಡೆನಾಫಿಲ್ (ನಿಮಿರಲು ತಗೊಳ್ಳುವ ಮಾತ್ರೆ) ತಗೊಂಡು ನುಂಗುವವರಿಗೆ ಒಂದು ಮಾತು: ಎದೆನೋವಿನ ನೈಟ್ರೇಟ್ ಮಾತ್ರೆ ಬಳಸುತ್ತಿದ್ದರೆ ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ.

ಮಕ್ಕಳಾಗಿಲ್ಲ ಅಂತ ಬರುವ ಜೋಡಿಗಳಲ್ಲಿ ಹೆಂಡತಿಯ ಫೈಲು ದಪ್ಪಗಿರುತ್ತದೆ, ಗಂಡನದು ಒಂದು ಹಾಳೆಯೂ ಇರುವುದಿಲ್ಲ. ಇದು ಅನ್ಯಾಯ. ಹೊಟ್ಟೆಯ ಕೊಬ್ಬು ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂತ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಇನ್ನೂ ಕೆಡುತ್ತದೆ. ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ವೃಷಣಕ್ಕೆ ಕೆಲಸ ಹೇಳುವುದನ್ನೇ ನಿಲ್ಲಿಸುತ್ತದೆ. ಜಿಮ್‌ಗೆ ಹೋಗುವ ಗಟ್ಟಿಮುಟ್ಟು ಹುಡುಗರ ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ ಕಂಡಾಗ ನಾನು ಮೊದಲು ಕೇಳುವುದೇ ಇಂಜೆಕ್ಷನ್ ಬಗ್ಗೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹಾಗಾಗಿ ತೂಕ ಇಳಿಸಲು ಶುರು ಮಾಡಿದವರಿಗೆ ಮೂರು ತಿಂಗಳಿಗೆ ಮೊದಲು ಮತ್ತೆ ಟೆಸ್ಟ್ ಬರೆದುಕೊಡುವುದಿಲ್ಲ.

ಊಟದ ವಿಷಯದಲ್ಲಿ ನಾನು ಕಟ್ಟುನಿಟ್ಟಲ್ಲ. ಬೆಣ್ಣೆ ದೋಸೆ ಬಿಡಿ ಅಂತ ಈ ಊರಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ರಾತ್ರಿ ಅನ್ನ ಅರ್ಧ ಮಾಡಿ, ಉಂಡ ಮೇಲೆ ಒಂದು ಸುತ್ತು ನಡೆಯಿರಿ ಅನ್ನುತ್ತೇನೆ. ನೂರು ಕೆ.ಜಿ. ಇರುವವರು ಏಳೆಂಟು ಕೆ.ಜಿ. ಇಳಿದರೂ ಶುಗರ್, ಬಿ.ಪಿ. ಎರಡರಲ್ಲೂ ಫರಕು ಕಾಣುತ್ತದೆ.

ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಮೂತ್ರ ಪೂರ್ತಿ ಕಟ್ಟಿಕೊಂಡರೆ ಮಾತ್ರ ಈ ಟೇಪು, ಡೈರಿ ಯಾವುದಕ್ಕೂ ಕಾಯಬೇಡಿ. ನೋವಿಲ್ಲದೆ ರಕ್ತ ಬಂದು ತಾನಾಗಿ ನಿಂತಿದ್ದರೂ ಸರಿ, ತೋರಿಸಲೇಬೇಕು. ಮೂತ್ರ ಕಟ್ಟಿದ್ದರೆ ರಾತ್ರಿಯಾದರೂ ಆಗಲೇ ಆಸ್ಪತ್ರೆಗೆ ಬನ್ನಿ.