ಬೈಕ್ ಮೇಲೆ ಜೇನು ಕಚ್ಚಿದಾಗ ನಾನು ಮಾಡಿದ್ದು

ಬೈಕ್ ಓಡಿಸುವಾಗ ಜೇನು ಕಚ್ಚಿದರೆ ಮೊದಲ ಅಪಾಯ ಬರುವುದು ನಮ್ಮ ಕೈಯಿಂದಲೇ. ಕುತ್ತಿಗೆ ಚುರ್ ಅಂದ ಕೂಡಲೇ ಕೈ ಹ್ಯಾಂಡಲ್ ಬಿಟ್ಟು ಅಲ್ಲಿಗೆ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಓಡುತ್ತದೆ. ಘಾಟಿ ತಿರುವಿನಲ್ಲಿ ಎದುರಿನ ಬಸ್ಸಿಗೆ ಹೋಗಿ ಬೀಳಲು ಅಷ್ಟೇ ಸಾಕು.

ನಾನು ಕೆಲಸದ ಮೇಲೆ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ವರ್ಷವಿಡೀ ಓಡಾಡುವವನು. ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗೆ ಅರಳಿತು ಅಂದರೆ ರಸ್ತೆಯಲ್ಲೂ ಜೇನುಗಳದ್ದೇ ಓಡಾಟ. ಅಂಥ ದಿನಗಳಲ್ಲೇ ಒಂದು ಹುಳ ಗಲ್ಲದ ಕೆಳಗಿನಿಂದ ಹೆಲ್ಮೆಟ್ ಒಳಗೆ ನುಗ್ಗಿತು. ಕಿವಿ ಹತ್ತಿರ ಗುಂಯ್ ಅನ್ನುತ್ತಿದೆ, ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ಪಟ್ಟಿಯ ಕೆಳಗೆ ಚುಚ್ಚೇಬಿಟ್ಟಿತು. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದೆ. ಆಕ್ಸಿಲರೇಟರ್ ಬಿಟ್ಟು, ಕನ್ನಡಿ ನೋಡಿ, ನಿಧಾನಕ್ಕೆ ಎಡಕ್ಕೆ ತಂದು ನಿಲ್ಲಿಸಿದೆ. ಸ್ಟ್ಯಾಂಡ್ ಹಾಕಿದ ಮೇಲೆಯೇ ಹೆಲ್ಮೆಟ್ ತೆಗೆದದ್ದು.

ಜೇನು ಮುಳ್ಳನ್ನು ಚರ್ಮದಲ್ಲೇ ಬಿಟ್ಟು ಹೋಗುತ್ತದೆ, ಜೊತೆಗೆ ವಿಷದ ಚೀಲವೂ ಅಲ್ಲೇ ಉಳಿದು ಇನ್ನಷ್ಟು ವಿಷ ಇಳಿಸುತ್ತಿರುತ್ತದೆ. ಉಗುರಿನಿಂದಲೇ ಕೆರೆದು ತೆಗೆದೆ. ಕಾರ್ಡಿನಿಂದ ಕೆರೆಯಬೇಕಾ, ಚಿಮುಟ ಬೇಕಾ ಅಂತ ಹುಡುಕುತ್ತಾ ಕೂರಬೇಡಿ, ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದು ಮುಖ್ಯ. ಕಣಜವಾದರೆ ಮುಳ್ಳು ಬಿಡುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಬೆರಳು ಊದಿಕೊಂಡರೆ ಕಷ್ಟ ಅಂತ ಉಂಗುರವನ್ನೂ ಬಿಚ್ಚಿಟ್ಟೆ.

ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಆಮೇಲೆ ಸ್ವಲ್ಪ ನೀರು ಕುಡಿದು ಮತ್ತೆ ಗಾಡಿ ಹತ್ತುತ್ತಾರಲ್ಲ, ನನಗೆ ಭಯ ಅದೇ. ಕೆಲಸದ ಕಡೆ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು, ಅರ್ಧ ಗಂಟೆ ಸುಮ್ನೆ ಕೂತು ಮೈ ಏನು ಹೇಳುತ್ತದೆ ನೋಡಬೇಕು ಅಂತ. ಚಿಕ್ಕಂದಿನಿಂದ ಎಷ್ಟೋ ಸಲ ಜೇನು ಕಚ್ಚಿದೆ, ಊದಿಕೊಂಡು ಇಳಿದಿದೆ ಅಷ್ಟೇ. ಆದರೂ ಕೂತೆ. ಹಿಂದೆ ಏನೂ ಆಗಿಲ್ಲ ಅಂದರೆ ಈ ಸಲವೂ ಆಗುವುದಿಲ್ಲ ಅಂತೇನಿಲ್ಲ.

ಮೊದಲು ಅಂಗೈ ತುರಿಸಿತು. ಅಂಗಿ ಎತ್ತಿ ನೋಡಿದರೆ ಹೊಟ್ಟೆ ಮೇಲೆ ಪಿತ್ತದ ಗಂಧೆ ಎದ್ದ ಹಾಗೆ ಕೆಂಪು ದದ್ದು. ತುಟಿ ದಪ್ಪ ಆಯಿತು, ಗಂಟಲು ಕಟ್ಟಿತು, 108ಕ್ಕೆ ಫೋನ್ ಮಾಡಿದಾಗ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಆಂಬುಲೆನ್ಸ್ ದೂರ ಇತ್ತು. ತೋಟಕ್ಕೆ ಗೊಬ್ಬರ ಇಳಿಸಿ ಬರುತ್ತಿದ್ದ ಪಿಕಪ್‌ಗೆ ಕೈ ಅಡ್ಡ ಹಾಕಿದೆ.

"ಅಣ್ಣ, ಸುಣ್ಣ ಹಚ್ಚಿ, ಸರಿ ಹೋಗುತ್ತೆ" ಅಂತ ಡ್ರೈವರ್ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ.

"ಸುಣ್ಣ ಆಮೇಲೆ ಮಾರಾಯ, ಮೊದಲು ಆಸ್ಪತ್ರೆಗೆ ಬಿಡು."

ಹಿಂದುಗಡೆ ಖಾಲಿ ಚೀಲಗಳ ಮೇಲೆ ಮಲಗಿ, ಕಾಲನ್ನು ಸ್ಟೆಪ್ನಿ ಟೈರ್ ಮೇಲೆ ಎತ್ತಿಟ್ಟುಕೊಂಡೆ. ಇದು ಜೇನಿನ ವಿಷದ ಅಲರ್ಜಿ, ಹೀಗಾದಾಗ ಬಿಪಿ ಬೀಳುತ್ತದೆ, ತಟ್ಟನೆ ಎದ್ದು ನಿಲ್ಲಬಾರದು, ನಡೆಯಬಾರದು. ಉಸಿರಾಟವೇ ಕಷ್ಟ ಆದರೆ ಮಾತ್ರ ಕಾಲು ಚಾಚಿ ಕೂರುವುದು. ಇನ್ನೊಬ್ಬರ ಬೈಕಿನ ಹಿಂದೆ ಹತ್ತುವುದಂತೂ ಬೇಡವೇ ಬೇಡ, ತಲೆ ಸುತ್ತಿದರೆ ರಸ್ತೆಗೆ ಬೀಳುವವರು ನೀವೇ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚಿದರು. ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಕೈ ನಡುಗಿತು, ಎದೆ ಡಬಡಬ ಹೊಡೆದುಕೊಂಡಿತು, ಆದರೆ ಗಂಟಲು ಸಡಿಲವಾಯಿತು. ಜೀವ ಉಳಿಸುವ ಮದ್ದು ಇದೇ. ಅವಿಲ್, ಸಿಟ್ರಿಜಿನ್ ತುರಿಕೆಗೆ ಆಗುತ್ತವೆ, ಗಂಟಲು ಊದುವುದನ್ನಾಗಲಿ ಬಿಪಿ ಬೀಳುವುದನ್ನಾಗಲಿ ತಡೆಯುವುದಿಲ್ಲ. ಮಾತ್ರೆ ನುಂಗಿ ಕಾಯುವ ಹೊತ್ತು ಅದಲ್ಲ. ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ತಿರುಗಬಹುದು ಅಂತ ಸಂಜೆವರೆಗೂ ಅಲ್ಲೇ ಮಲಗಿಸಿಕೊಂಡರು, ಗಾಡಿಯನ್ನು ಮಾರನೇ ದಿನ ತಮ್ಮ ತಂದ.

ಇದೆಲ್ಲ ಒಂದು ಹುಳದ ಮಾತು. ಹೆಜ್ಜೇನು ಎದ್ದಿದ್ದರೆ ಲೆಕ್ಕ ಪೂರ್ತಿ ಉಲ್ಟಾ. ಆಗ ನಿಲ್ಲಿಸಲೇಬಾರದು. ಒಂದು ಚುಚ್ಚಿದ ಜಾಗದಿಂದ ಬರುವ ವಾಸನೆಗೆ ಉಳಿದವೂ ಅಲ್ಲಿಗೇ ಮುಗಿಬೀಳುತ್ತವೆ. ವೈಸರ್ ಮುಚ್ಚಿ, ಕೈ ಬೀಸದೆ, ಹಿಡಿತದಲ್ಲಿರುವ ವೇಗದಲ್ಲೇ ಮುಂದೆ ಹೋಗಿ. ಗಾಡಿಯ ವೇಗ ಅವಕ್ಕಿಲ್ಲ. ದೂರ ಬಂದು, ಹಿಂದೆ ಬರುತ್ತಿಲ್ಲ ಅಂತ ಖಾತ್ರಿ ಆದ ಮೇಲೆ ನಿಲ್ಲಿಸಿ. ಮೈಯಲ್ಲಿ ತುಂಬ ಮುಳ್ಳುಗಳಿದ್ದರೆ ಅಲರ್ಜಿ ಇಲ್ಲದವರೂ ಆಸ್ಪತ್ರೆಗೇ ಹೋಗಬೇಕು, ಅಷ್ಟು ವಿಷಕ್ಕೆ ಕಿಡ್ನಿಯೇ ಕೈಕೊಡಬಹುದು.

ಈಗ ಕುತ್ತಿಗೆಗೆ ಬಟ್ಟೆಯ ಪಟ್ಟಿ ಇಲ್ಲದೆ ನಾನು ಹೊರಡುವುದಿಲ್ಲ. ವಿದೇಶದಲ್ಲಿರುವಂತೆ ಅಡ್ರಿನಲಿನ್ ತುಂಬಿದ, ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ವೈದ್ಯರು ಬರೆದುಕೊಟ್ಟು, ಚುಚ್ಚಿಕೊಳ್ಳುವುದನ್ನೂ ಕಲಿಸಿದ ಮೇಲೆ ಆ ಮದ್ದಿನ ಎರಡು ಆಂಪೂಲ್ (ಪುಟ್ಟ ಗಾಜಿನ ಕುಪ್ಪಿ), ಸಿರಿಂಜ್ ಇಟ್ಟುಕೊಂಡಿದ್ದೇನೆ. ಬಿಸಿಲಿಗೆ ಅದು ಕೆಡುತ್ತದೆ, ಟ್ಯಾಂಕ್ ಮೇಲಿನ ಚೀಲದಲ್ಲಿ ಇಡುವ ಹಾಗಿಲ್ಲ, ಬೆನ್ನಿನ ಚೀಲದ ಒಳಜೇಬಿನಲ್ಲಿ ಡಬ್ಬಿಯೊಳಗೆ ಇರುತ್ತದೆ. ಮದ್ದು ಕಂದು ಬಣ್ಣಕ್ಕೆ ತಿರುಗಿದರೆ ಬಿಸಾಡಿ ಹೊಸದು ತರುತ್ತೇನೆ. ಫೋನ್ ಲಾಕ್ ಆಗಿದ್ದರೂ ಕಾಣುವ ತುರ್ತು ಮಾಹಿತಿಯಲ್ಲಿ "ಜೇನು ಅಲರ್ಜಿ, ಮದ್ದು ಚೀಲದಲ್ಲಿದೆ" ಅಂತ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಆ ದಾರಿಯಲ್ಲಿ ನನ್ನನ್ನು ಎತ್ತುವವರು ಓದುವುದು ಅದನ್ನೇ.