ಎಂಜಿಎಗೆ ಇಸುಜು ಹಾಕಿಸೋದಾ, ಹಳೇ ಇಂಜಿನ್ನೇ ಕಟ್ಟಿಸೋದಾ?

ಮೂಡಿಗೆರೆ ಹತ್ತಿರದ ತೋಟದ ಶೆಡ್ಡಿನಲ್ಲಿ ನಮ್ಮ ಮಾವನವರ ಎಂಜಿಎ 1500, ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ವರ್ಷಗಟ್ಟಲೆ ನಿಂತಿತ್ತು. ಸ್ಟಾರ್ಟ್ ಏನೋ ಆಗುತ್ತಿತ್ತು, ಆದರೆ ನೀಲಿ ಹೊಗೆ. ಬಿಸಿಯಾದ ಮೇಲೆ ಓಡುವಾಗ 50 ಪಿಎಸ್‌ಐ ಆಸುಪಾಸು ನಿಲ್ಲಬೇಕಾದ ಆಯಿಲ್ ಪ್ರೆಶರ್ ಮುಳ್ಳು 20ಕ್ಕೆ ಬೀಳುತ್ತಿತ್ತು. ಹೀಗಿದ್ದರೆ ಚಾರ್ಮಾಡಿ ಘಾಟಿ ಹತ್ತುವ ಮಾತೇ ಇಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ. "ಸುಮ್ನೆ ಇಸುಜು ಹಾಕ್ಸಿಬಿಡಿ ಸರ್." ಅಂದರೆ ಅಂಬಾಸಿಡರ್, ಕಾಂಟೆಸ್ಸಾ ಕಾರುಗಳಲ್ಲಿ ಬರುತ್ತಿದ್ದ 1.8 ಲೀಟರ್ ಪೆಟ್ರೋಲ್ ಇಂಜಿನ್, ಜೊತೆಗೆ 5 ಗೇರು. ಒಳ್ಳೇ ಇಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಮೌಂಟಿಂಗ್ ಹೊಸದಾಗಿ ಮಾಡಿಸಬೇಕು, ಗೇರ್‌ಬಾಕ್ಸ್ ಮೇಲಿನ ನೆಲದ ಉಬ್ಬು (ಟನಲ್) ಕತ್ತರಿಸಬೇಕು, ಪ್ರೊಪೆಲ್ಲರ್ ಶಾಫ್ಟಿನ ಅಳತೆ ಬದಲಿಸಬೇಕು. ಆರ್‌ಸಿ ತಿದ್ದಿಸಲು ಆರ್‌ಟಿಓ ಒಪ್ಪಿಗೆ ಬೇಕು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಛಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಕತ್ತರಿಸಿದ್ದನ್ನು ಮತ್ತೆ ಜೋಡಿಸೋಕೆ ಆಗಲ್ಲ, ಅಲ್ವಾ?

ಇನ್ನೊಂದು ಕಡೆ ನೋಡಿ. ಎಂಜಿಎ 1500ರದ್ದೂ ನಮ್ಮ ಹಳೇ ಅಂಬಾಸಿಡರ್‌ದೂ ಒಂದೇ ಇಂಜಿನ್, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಎರಡೂ 1489 ಸಿಸಿ. ಎಂಜಿಎಗೆ ಕಂಪ್ರೆಷನ್ ಜಾಸ್ತಿ, ಎರಡು ಎಸ್‌ಯು ಕಾರ್ಬ್ಯುರೇಟರ್, ಹಾಗಾಗಿ 70 ಹಾರ್ಸ್‌ಪವರ್ ಹತ್ತಿರ ಕೊಡುತ್ತದೆ. ಈ ಇಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದ ಮೇಸ್ತ್ರಿಗಳು ಹಾಸನದಲ್ಲಿ ಇನ್ನೂ ಇದ್ದಾರೆ.

ಆದರೂ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ನೋಡುವ ತನಕ ನಾನು ಏನೂ ತೀರ್ಮಾನ ಮಾಡಲಿಲ್ಲ. ಇಂಜಿನ್ ಇಳಿಸಿ ಹಾಸನದ ಲೇತ್ ಅಂಗಡಿಗೆ ಒಯ್ದೆ. ಮೇಸ್ತ್ರಿ ಅದರ ಜರ್ನಲ್, ಅಂದರೆ ಬೇರಿಂಗ್ ಕೂರುವ ನಯವಾದ ಭಾಗ, ಒರೆಸಿ ಉಗುರು ಆಡಿಸಿದರು. ಮೂರನೇ ಬಿಗ್ ಎಂಡ್‌ನಲ್ಲಿ (ಕನೆಕ್ಟಿಂಗ್ ರಾಡ್ ಕೂರುವ ಕಡೆ) ಗೀರಿಗೆ ಉಗುರು ತಡೆಯಿತು. ಮೈಕ್ರೋಮೀಟರ್ ಇಟ್ಟರೆ ಅದೇ ಜರ್ನಲ್ ಓವಲ್ ಆಗಿತ್ತು. ಹಿಂದೆ ಯಾರೋ 20 ಸೈಜಿಗೆ, ಅಂದರೆ ಇಂಚಿನ ಸಾವಿರದಲ್ಲಿ 20 ಪಾಲು ಸಣ್ಣದಾಗುವಂತೆ, ಗ್ರೈಂಡ್ ಮಾಡಿಸಿದ್ದರು. "30ಕ್ಕೆ ಸರಿಹೋಗುತ್ತೆ ಅಣ್ಣ, ಕ್ರ್ಯಾಕ್ ಇಲ್ಲ" ಅಂದರು. ಅಲ್ಲಿಗೆ ಇಸುಜು ವಿಚಾರ ಮುಗಿಯಿತು. 40 ಸೈಜೂ ದಾಟಿದ್ದರೆ ನಾನು ಅಂಬಾಸಿಡರ್ ಕ್ರ್ಯಾಂಕ್ ಹುಡುಕುತ್ತಿದ್ದೆ, ಆಗಲೂ ಟನಲ್ ಕತ್ತರಿಸುತ್ತಿರಲಿಲ್ಲ.

ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ಆಯಿಲ್ ಪಂಪ್ ಎಲ್ಲ ಆಯಿತು. ಅಂಬಾಸಿಡರ್ ಪಿಸ್ಟನ್ ಹಾಕುವವರು ಪಿಸ್ಟನ್ನಿನ ತಲೆಯ ಆಕಾರ ಹೋಲಿಸಿ ನೋಡಲೇಬೇಕು, ಇಲ್ಲದಿದ್ದರೆ ಕಂಪ್ರೆಷನ್ ಇಳಿದುಬಿಡಬಹುದು. ಹೆಡ್ಡಿಗೆ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಕೂರಿಸಿದೆ. ನಮ್ಮಲ್ಲಿ 2000ದಿಂದ ಸೀಸ ಇಲ್ಲದ ಪೆಟ್ರೋಲೇ ಸಿಗೋದು, ಹಳೇ ಸೀಟು ಅದಕ್ಕೆ ತಡೆಯಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ ಬಾಳುವ ಪೆಟ್ರೋಲ್ ಪೈಪೂ ಹಾಕಿಸಿದೆ.

ಈಗ ಕೊಟ್ಟಿಗೆಹಾರದವರೆಗೆ ಏರು ಹತ್ತಿದರೂ ಮುಳ್ಳು 50 ಬಿಟ್ಟು ಇಳಿಯಲ್ಲ. ನಿಲ್ಲಿಸಿದ ಕಡೆ ಮಾತ್ರ ನಾಲ್ಕು ಹನಿ ಎಣ್ಣೆ ಬೀಳುತ್ತದೆ. ಈ ಇಂಜಿನ್ನಿನ ಹಿಂಭಾಗಕ್ಕೆ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಅಷ್ಟೇ. ಅಷ್ಟಕ್ಕೇ ಗಾಬರಿಯಾಗಿ ಇಂಜಿನ್ ಮತ್ತೆ ಇಳಿಸಬೇಡಿ.