ಸೈಬರ್ ಅಪರಾಧದ ಆರೋಪ ಬಂದಾಗ ವಕೀಲರನ್ನು ಗೊತ್ತುಮಾಡಿಕೊಳ್ಳುವುದು ಹೇಗೆ?

‘ಒಂದಿಷ್ಟು ವಿವರ ಬೇಕಿತ್ತು, ಬಂದು ಹೋಗಿ’ ಎನ್ನುವ ಕರೆ, ನಾಲ್ಕು ಸಾಲಿನ ನೋಟಿಸು, ಇಲ್ಲವೇ ಇದ್ದಕ್ಕಿದ್ದಂತೆ ಸ್ಥಗಿತಗೊಂಡ ಬ್ಯಾಂಕ್ ಖಾತೆ: ಇಂಟರ್‌ನೆಟ್ ಅಪರಾಧದ ಆರೋಪ ಹಲವರ ಮನೆಬಾಗಿಲಿಗೆ ಬರುವುದು ಹೀಗೆ, ಬಂಧನಕ್ಕೆ ಎಷ್ಟೋ ಮುಂಚೆ. ತಪ್ಪು ಮಾಡಿಲ್ಲದವರು ‘ಹೋಗಿ ಹೇಳಿದರಾಯಿತು’ ಎಂದು ಒಬ್ಬರೇ ಹೊರಟುಬಿಡುತ್ತಾರೆ. ಆದರೆ ಇಂಥ ಪ್ರಕರಣಗಳಲ್ಲಿ ತನಿಖಾಧಿಕಾರಿಯ ಬಳಿ ಮೊದಲು ಇರುವುದು ಒಂದು ಯಂತ್ರದ ಗುರುತು ಮಾತ್ರ. ಆ ಯಂತ್ರದ ಮುಂದೆ ಕುಳಿತಿದ್ದವರು ಯಾರೆಂಬುದನ್ನು ಬೇರೆಯಾಗಿಯೇ ಸಾಬೀತುಪಡಿಸಬೇಕು. ‘ಲ್ಯಾಪ್‌ಟಾಪ್ ನನ್ನದೇ, ಬೇರೆ ಯಾರೂ ಮುಟ್ಟುವುದಿಲ್ಲ’ ಎಂದು ಆರೋಪಿಯೇ ವಿಶ್ವಾಸದಿಂದ ಹೇಳಿಬಿಟ್ಟರೆ ನಡುವಿನ ಆ ಕೊಂಡಿಯನ್ನು ಅವನೇ ಬೆಸೆದುಕೊಟ್ಟಂತಾಗುತ್ತದೆ. ವಕೀಲರನ್ನು ಹುಡುಕುವ ಕೆಲಸ ಹೇಳಿಕೆ ಕೊಡುವುದಕ್ಕಿಂತ ಮೊದಲೇ ಆಗಬೇಕಾದದ್ದು ಇದೇ ಕಾರಣಕ್ಕೆ.

ಮೊದಲು, ಆರೋಪ ನಿಜವೇ ಎಂದು ನೋಡಿ

ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ನಿಮ್ಮ ಮೇಲೆ ಪ್ರಕರಣವಿದೆ’ ಎಂದು ಬೆದರಿಸಿ ಹಣ ಕೀಳುವ ವಂಚಕರೂ ಇದ್ದಾರೆ. ಕರೆ ಮಾಡಿದವರೇ ಕೊಟ್ಟ ಸಂಖ್ಯೆಗೆ ಮರಳಿ ಕರೆ ಮಾಡಿದರೆ ಉತ್ತರಿಸುವವರೂ ಅವರೇ. ಆದ್ದರಿಂದ ಆ ಕಚೇರಿಯ ಸಂಖ್ಯೆಯನ್ನು ಬೇರೆ ಮೂಲದಿಂದ ಪತ್ತೆಮಾಡಿ, ಪ್ರಕರಣದ ಸಂಖ್ಯೆ ಮತ್ತು ಅಧಿಕಾರಿಯ ಹೆಸರನ್ನು ಅಲ್ಲಿ ವಿಚಾರಿಸಬೇಕು. ಕರೆಯಲ್ಲೇ ಹಣ ಕೇಳಿದರೆ ಅದು ವಂಚನೆಯೇ.

ವಕೀಲರು ಸಿಗುವವರೆಗೆ

ಏನನ್ನೂ ಅಳಿಸಬೇಡಿ. ಗಾಬರಿಯಲ್ಲಿ ಚಾಟ್‌ಗಳನ್ನು ತೆಗೆದುಹಾಕುವುದು, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಮೂಲ ಆರೋಪಕ್ಕಿಂತ ದೊಡ್ಡ ಆಪತ್ತನ್ನು ತಂದುಕೊಂಡಂತೆ. ಅಮೆರಿಕದಲ್ಲಿ 2002ರ ಕಾಯ್ದೆಯೊಂದರ ಪ್ರಕಾರ, ಫೆಡರಲ್ ತನಿಖೆಗೆ ಅಡ್ಡಿಪಡಿಸುವ ಉದ್ದೇಶದಿಂದ ದಾಖಲೆ ನಾಶಪಡಿಸಿದವರಿಗೆ 20 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅಳಿಸಿದ ಕಡತವನ್ನು ಮರಳಿ ಪಡೆಯಲಾಗದಿದ್ದರೂ, ಅಳಿಸಿದ ಗುರುತು ಮತ್ತು ಹೊತ್ತು ಎಷ್ಟೋ ಸಲ ಯಂತ್ರದಲ್ಲಿ ಉಳಿದಿರುತ್ತವೆ. ದೂರುದಾರರಿಗೆ ಕರೆ ಮಾಡಿ ‘ಮಾತಾಡಿ ಬಗೆಹರಿಸಿಕೊಳ್ಳೋಣ’ ಎನ್ನುವುದೂ ಸಾಕ್ಷಿಯನ್ನು ಬೆದರಿಸಿದಂತೆ ಕಾಣಬಹುದು.

ಪಾಸ್‌ವರ್ಡಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬ್ರಿಟನ್ನಿನಲ್ಲಿ 2000ದ ತನಿಖಾಧಿಕಾರಗಳ ಕಾಯ್ದೆಯ ಅಡಿಯಲ್ಲಿ ವಿಧಿಬದ್ಧ ನೋಟಿಸು ಬಂದ ಮೇಲೂ ಪಾಸ್‌ವರ್ಡ್ ಕೊಡದಿರುವುದೇ ಅಪರಾಧ. ಬೇರೆಡೆ ಅದನ್ನು ಕೊಡದಿರುವುದು ಆರೋಪಿಯ ಹಕ್ಕಾಗಿರಬಹುದು. ಮೌನವಾಗಿರುವ ಹಕ್ಕಿನ ಫಲವೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ‘ವಕೀಲರೊಂದಿಗೆ ಮಾತನಾಡಿದ ನಂತರ ಉತ್ತರಿಸುತ್ತೇನೆ’ ಎಂಬ ಒಂದು ವಾಕ್ಯವನ್ನು ವಿನಯದಿಂದ ಹೇಳಿ, ಆ ಹೊತ್ತಿಗೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಯಾರನ್ನು ಹುಡುಕಬೇಕು

‘ಸೈಬರ್ ತಜ್ಞ’ ಎಂಬ ಫಲಕ ಕಂಡೊಡನೆ ಒಳಗೆ ಹೋಗಬೇಕಾಗಿಲ್ಲ. ಕಂಪನಿಗಳಿಗೆ ಗೋಪ್ಯತಾ ನೀತಿ ಬರೆದುಕೊಡುವವರೂ ಸೈಬರ್ ಕಾನೂನಿನವರೇ, ಆದರೆ ಅವರು ಜಾಮೀನು ಅರ್ಜಿಯ ಮೇಲೆ ವಾದ ಮಾಡಿದವರೇ ಆಗಿರಬೇಕೆಂದಿಲ್ಲ. ಆಯ್ಕೆ ಅನಿವಾರ್ಯವಾದರೆ, ತಂತ್ರಜ್ಞಾನವನ್ನು ಅರೆದು ಕುಡಿದಿದ್ದರೂ ನ್ಯಾಯಾಲಯವನ್ನು ಅಷ್ಟಾಗಿ ಕಾಣದವರಿಗಿಂತ, ಕ್ರಿಮಿನಲ್ ಪ್ರಕರಣಗಳಲ್ಲಿ ಪಾಟೀಸವಾಲು ಮಾಡಿ ಪಳಗಿದ, ಗೊತ್ತಿಲ್ಲದ್ದನ್ನು ತಜ್ಞರಿಂದ ಕೇಳಿ ತಿಳಿಯುವ ತಾಳ್ಮೆಯುಳ್ಳ ವಕೀಲರೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಎರಡೂ ಇರುವವರು ಸಿಕ್ಕರೆ ಅದೃಷ್ಟ.

ಪ್ರಕರಣ ದಾಖಲಾಗಿರುವುದು ಎಲ್ಲಿ ಎಂಬುದು ಹುಡುಕಾಟದ ದಿಕ್ಕನ್ನೇ ಬದಲಿಸುತ್ತದೆ, ಏಕೆಂದರೆ ಇಂಟರ್‌ನೆಟ್ಟಿನಲ್ಲಿ ದೂರುದಾರರು ಇನ್ನೊಂದು ರಾಜ್ಯದಲ್ಲೋ ಇನ್ನೊಂದು ದೇಶದಲ್ಲೋ ಇರಬಹುದು. ಅಮೆರಿಕದ ಸೇನಾ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದ ಆರೋಪ 2002ರಲ್ಲಿ ಹೊತ್ತ ಬ್ರಿಟನ್ನಿನ ಗ್ಯಾರಿ ಮೆಕಿನನ್ ಅವರ ಗಡೀಪಾರಿನ ವ್ಯಾಜ್ಯ ಮುಗಿದದ್ದು 2012ರಲ್ಲಿ, ಅಲ್ಲಿನ ಗೃಹ ಸಚಿವೆ ಗಡೀಪಾರನ್ನು ತಡೆದಾಗ. ಇಂಥಲ್ಲಿ ಎರಡೂ ಕಡೆಯ ಕಾನೂನನ್ನು ಬಲ್ಲವರು ಬೇಕಾಗುತ್ತಾರೆ. ಸಾಮಾನ್ಯ ಪ್ರಕರಣದಲ್ಲಾದರೆ ಆ ನ್ಯಾಯಾಲಯದಲ್ಲೇ ದಿನವೂ ಓಡಾಡುವವರು ಸಾಕು.

ವಕೀಲರ ಪರಿಷತ್ತಿನ ನೋಂದಣಿಯಲ್ಲಿ ಅವರ ಹೆಸರು ಚಾಲ್ತಿಯಲ್ಲಿದೆಯೇ, ಅವರ ಮೇಲೆ ಶಿಸ್ತುಕ್ರಮ ನಡೆದಿದೆಯೇ ಎಂಬುದನ್ನು ಪರಿಶೀಲಿಸಿ. ಶುಲ್ಕ ಕೊಡುವ ಶಕ್ತಿ ಇಲ್ಲದಿದ್ದರೆ ಸರ್ಕಾರದ ಕಾನೂನು ನೆರವನ್ನು ಕೇಳಲು ಸಂಕೋಚಪಡಬೇಕಿಲ್ಲ. ನ್ಯಾಯದ ಹಿತಕ್ಕೆ ಅಗತ್ಯವಿರುವ ಕಡೆ ಬಡ ಆರೋಪಿಗೆ ಉಚಿತವಾಗಿ ವಕೀಲರನ್ನು ಒದಗಿಸಬೇಕೆಂದು 1966ರ ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯೇ ಹೇಳುತ್ತದೆ.

ಮೊದಲ ಭೇಟಿ

ನೋಟಿಸು, ಜಪ್ತಿ ಮಾಡಿದ ವಸ್ತುಗಳ ಪಟ್ಟಿ, ದಿನಾಂಕವಾರು ನಡೆದದ್ದರ ಒಂದು ಪುಟದ ಟಿಪ್ಪಣಿ: ಇಷ್ಟನ್ನು ಕಾಗದದ ಮೇಲೆ ಒಯ್ಯಿರಿ. ಟಿಪ್ಪಣಿಯ ಮೇಲೆ ‘ನನ್ನ ವಕೀಲರಿಗಾಗಿ’ ಎಂದು ಬರೆದಿರಲಿ. ಅವರ ಮುಂದೆ ಸತ್ಯವನ್ನೇ ಹೇಳಬೇಕು, ಮುಜುಗರದ ಸತ್ಯವನ್ನೂ. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಮುಂದೆ ಮಾಡಲಿರುವ ಅಪರಾಧದ ಮಾತಿಗೆ ಆ ರಕ್ಷಣೆ ಇಲ್ಲ. ಜೊತೆಯಲ್ಲಿ ನೆಂಟರನ್ನೋ ಗೆಳೆಯರನ್ನೋ ಕೂರಿಸಿಕೊಂಡರೆ ಹಲವು ಕಡೆ ಅದು ಕಳೆದುಹೋಗುವ ಸಂಭವವೂ ಉಂಟು.

ನೀವು ಅವರನ್ನು ಅಳೆಯುವುದಕ್ಕೂ ಇದೇ ಸಮಯ. ಆರೋಪದ ಕಾಗದದಲ್ಲಿ ಐಪಿ ವಿಳಾಸವೊಂದರ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಪಕ್ಕ ‘02:14 ಯುಟಿಸಿ’, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದಿದೆ ಎನ್ನೋಣ. ಅನುಭವಿ ವಕೀಲರ ಬೆರಳು ಆ ಮೂರಕ್ಷರದ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಐದೂವರೆ ಗಂಟೆ ಮುಂದೆ ಓಡುವ ಭಾರತದ ಗಡಿಯಾರದಲ್ಲಿ ಅದು ನಡುರಾತ್ರಿಯಲ್ಲ, ಬೆಳಿಗ್ಗೆ 7:44; ಆರೋಪಿ ಆಗ ಬಸ್ಸಿನಲ್ಲಿದ್ದಿರಬಹುದು, ಮನೆಯ ವೈಫೈ ಬೇರೆಯವರ ಕೈಯಲ್ಲಿದ್ದಿರಬಹುದು. ಮುಂದಿನ ಪ್ರಶ್ನೆ ಪೋರ್ಟ್ ಸಂಖ್ಯೆಯದು, ಅಂದರೆ ಒಂದೇ ವಿಳಾಸದ ಹಿಂದಿರುವ ಸಂಪರ್ಕಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸಂಖ್ಯೆಯದು. ಸೇವಾ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಹಲವಾರು ಗ್ರಾಹಕರಿಗೆ ಹಂಚುವ ವ್ಯವಸ್ಥೆಯಲ್ಲಿ, ಪೋರ್ಟ್ ಸಂಖ್ಯೆ ಮತ್ತು ಕರಾರುವಾಕ್ಕಾದ ಸಮಯ ಇಲ್ಲದೆ ಆ ವಿಳಾಸ ಒಬ್ಬನತ್ತ ಬೆರಳು ತೋರಿಸಲಾರದು. ಅದರ ನಂತರದ ಪ್ರಶ್ನೆ ಹ್ಯಾಶ್ ಮೌಲ್ಯದ್ದು, ಅಂದರೆ ಡಿಸ್ಕಿನಲ್ಲಿರುವ ದತ್ತಾಂಶದಿಂದ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂಥ ಗುರುತಿನದು: ಜಪ್ತಿಯಾದ ಡಿಸ್ಕಿನ ಪ್ರತಿ ತೆಗೆದಾಗ, ಎಷ್ಟೋ ಸಲ 64 ಅಕ್ಷರಾಂಕಗಳಿರುವ ಆ ಗುರುತನ್ನು ಬರೆದಿಟ್ಟರೇ? ದತ್ತಾಂಶದ ಅತಿ ಸಣ್ಣ ತುಣುಕಾದ ಒಂದೇ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಇವುಗಳಲ್ಲಿ ಒಂದನ್ನೂ ಕೇಳದೆ ‘ಬಿಡಿ, ನಾನು ನೋಡಿಕೊಳ್ಳುತ್ತೇನೆ’ ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬರುವುದು ಒಳ್ಳೆಯದು.

ಇದು ಬರಿಯ ಪಾಂಡಿತ್ಯವಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ತರಗತಿಯ ಕಂಪ್ಯೂಟರಿನಲ್ಲಿ ಅಶ್ಲೀಲ ಚಿತ್ರಗಳು ಮೂಡಿದ್ದಕ್ಕೆ ಬದಲಿ ಶಿಕ್ಷಕಿಯೊಬ್ಬರನ್ನು 2007ರ ಜನವರಿಯಲ್ಲಿ ದೋಷಿ ಎನ್ನಲಾಯಿತು. ಇಂಥ ಚಿತ್ರಗಳನ್ನು ತಾನಾಗಿಯೇ ಮೂಡಿಸಬಲ್ಲ ಕುತಂತ್ರಾಂಶ ಯಂತ್ರದಲ್ಲಿ ಇತ್ತೇ ಎಂದು ಪೊಲೀಸರು ಪರೀಕ್ಷಿಸಿರಲೇ ಇಲ್ಲ. ಹೊಸದಾಗಿ ತಾಂತ್ರಿಕ ಪರಿಶೀಲನೆ ನಡೆದ ಮೇಲೆ ಅದೇ ಜೂನ್‌ನಲ್ಲಿ ಆ ತೀರ್ಪು ರದ್ದಾಯಿತು. ಕೆಲವೊಮ್ಮೆ ಯಂತ್ರದ ಬದಲು ಕಾಯ್ದೆಯ ಒಂದು ಪದವೇ ನಿರ್ಣಾಯಕವಾಗುತ್ತದೆ. 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಲ್ಲಿನ ‘ಅಧಿಕೃತ ಪ್ರವೇಶವನ್ನು ಮೀರುವುದು’ ಎಂಬ ಮಾತಿನ ಅರ್ಥವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಕಿರಿದುಗೊಳಿಸಿ, ತನಗೆ ಪ್ರವೇಶವಿದ್ದ ದತ್ತಾಂಶವನ್ನು ಅನುಚಿತ ಉದ್ದೇಶಕ್ಕೆ ನೋಡಿದ ಪೊಲೀಸ್ ಅಧಿಕಾರಿ ಆ ಕಾಯ್ದೆಯನ್ನು ಉಲ್ಲಂಘಿಸಿಲ್ಲ ಎಂದಿತು.

ಶುಲ್ಕ ಮತ್ತು ಒಪ್ಪಂದ

ಬರವಣಿಗೆಯಲ್ಲಿ ಇರಲಿ. ವಿಚಾರಣೆಗೆ ಜೊತೆಗೆ ಬರುವುದು, ಜಾಮೀನು, ಸಾಕ್ಷಿ ವಿಚಾರಣೆ, ಮೇಲ್ಮನವಿ ಇವುಗಳಲ್ಲಿ ಯಾವುದು ಶುಲ್ಕದಲ್ಲಿ ಸೇರಿದೆ, ಯಾವುದು ಇಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಬೇಕು. ಡಿಜಿಟಲ್ ಫೊರೆನ್ಸಿಕ್ ತಜ್ಞರ ವೆಚ್ಚ ಬಹುತೇಕ ಬೇರೆಯೇ ಆಗಿರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ಹಿರಿಯರ ಹೆಸರು ನೋಡಿ ಹಣ ಕೊಟ್ಟ ಮೇಲೆ ನ್ಯಾಯಾಲಯಕ್ಕೆ ಕಿರಿಯರಷ್ಟೇ ಬರುವುದುಂಟು. ಯಾರು ವಾದಿಸುತ್ತಾರೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ‘ಬಿಡುಗಡೆಯಾದರೆ ಮಾತ್ರ ಶುಲ್ಕ’ ಎಂಬ ಕರಾರನ್ನು ಕ್ರಿಮಿನಲ್ ಪ್ರಕರಣಗಳಲ್ಲಿ ಭಾರತ, ಅಮೆರಿಕ ಸೇರಿದಂತೆ ಹಲವೆಡೆ ವೃತ್ತಿ ನಿಯಮಗಳು ಒಪ್ಪುವುದಿಲ್ಲ. ಫಲಿತಾಂಶಕ್ಕೆ ಖಾತರಿ ಕೊಡುವವರನ್ನಂತೂ ನಂಬಬೇಡಿ.

ನೇಮಿಸಿದ ಮೇಲೆ

ವಕೀಲರಿಗೆ ಕಚೇರಿಯ ಇಮೇಲ್‌ನಿಂದಾಗಲಿ, ಜಪ್ತಿಯಾದ ಫೋನಿನಲ್ಲಿ ಈಗಲೂ ತೆರೆದಿರಬಹುದಾದ ಖಾತೆಯಿಂದಾಗಲಿ ಬರೆಯಬೇಡಿ. ಬೇರೆ ಸಾಧನ, ಹೊಸ ಖಾತೆ ಇರಲಿ; ಆದರೆ ಹಳೆಯ ಖಾತೆಯನ್ನು ಮುಚ್ಚುವ ಮುನ್ನ ಅವರನ್ನೇ ಕೇಳಿ. ಪ್ರಕರಣದ ಬಗ್ಗೆ ಜಾಲತಾಣಗಳಲ್ಲಿ ಒಂದಕ್ಷರವನ್ನೂ ಬರೆಯುವಂತಿಲ್ಲ.

ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ ವಕೀಲರನ್ನು ಬದಲಿಸುವ ಹಕ್ಕು ನಿಮಗಿದೆ, ಮುಂದಿನ ವಿಚಾರಣೆಯ ದಿನ ಹತ್ತಿರವಿಲ್ಲದಾಗ ಅದನ್ನು ಮಾಡುವುದು ಉಚಿತ. ಹೊರಡುವಾಗ ಕಾಗದದ ಕಡತದೊಂದಿಗೆ, ತನಿಖಾ ಸಂಸ್ಥೆಯಿಂದ ಬಂದ ಡಿಸ್ಕ್ ಪ್ರತಿಯನ್ನೂ ಅದರ ಹ್ಯಾಶ್ ಮೌಲ್ಯ ಬರೆದ ಹಾಳೆಯನ್ನೂ ಹೊಸ ವಕೀಲರಿಗೆ ದಾಟಿಸುವಂತೆ ಲಿಖಿತವಾಗಿ ಕೇಳಿ, ಸ್ವೀಕೃತಿಗೆ ಸಹಿ ಪಡೆದುಕೊಳ್ಳಿ.